ಜೇಬಿಲ್ಲದ ಕೋಟು

ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯಲ್ಲಿ ನನ್ನ ವಾರಗಿತ್ತಿ ಮೊದಲ ಸಲಕ್ಕೇ ಪಾಸಾದಳು. ಅವತ್ತು ನನ್ನ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ? ಅವಳ ಬಾಯಿಗೆ ಸಿಹಿ ಇಟ್ಟೆ, ತಬ್ಬಿಕೊಂಡೆ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಅಷ್ಟು ಹೊತ್ತಿಗೆ ನಾನು ಮೂರು ಸಲ ಫೇಲಾಗಿದ್ದೆ. ಅವಳ ಜೊತೆ ಬರೆದದ್ದು ನಾಲ್ಕನೆಯದು. ಅದರಲ್ಲಿ ಎರಡೇ ಎರಡು ಅಂಕ ಕಡಿಮೆ ಬಿತ್ತು. ಅವಳು ಓದಿದ್ದು ನನ್ನ ನೋಟ್ಸು. ಸೂಜಿ ಚುಚ್ಚಲು ಕಲಿತದ್ದು ನನ್ನ ಎಡಗೈ ಮೇಲೆ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕೈ ಚಾಚುತ್ತಿದ್ದೆ, ಅವಳು ನರ ಹುಡುಕುತ್ತಿದ್ದಳು. ಹನ್ನೊಂದು ಸಲ ಚುಚ್ಚಿ ಏಳು ಸಲ ತಪ್ಪಿದಳು. ನೋವಾಯ್ತಾ ಅಕ್ಕ ಎಂದು ಕೇಳುತ್ತಿದ್ದಳು. ಇಲ್ಲ ಕಣೇ ಅನ್ನುತ್ತಿದ್ದೆ. ಪಾಸಾದ ಮೇಲೆ ನಾನಿದ್ದ ಆಸ್ಪತ್ರೆಗೇ, ನಾನಿದ್ದ ವಾರ್ಡಿಗೇ ಬಂದಳು. ನನಗಿಂತ ಮೇಲಿನವಳಾಗಿ ಬಂದಳು.

ನಮ್ಮ ವಾರ್ಡಿನಲ್ಲಿ ಲೈಸೆನ್ಸ್ ಇದ್ದವರಿಗೆ ಬಿಳಿ ಕೋಟು. ಎದೆಯ ಮೇಲೆ ಜೇಬು, ಜೇಬಿನಲ್ಲಿ ಪೆನ್ನು. ಕೋರ್ಸು ಮುಗಿಸಿ ಪರೀಕ್ಷೆ ಪಾಸಾಗದವರಿಗೆ ಬೂದು ಕೋಟು, ಸಹಾಯಕಿ ಎಂಬ ಹೆಸರು. ಬೂದು ಕೋಟಿಗೆ ಜೇಬಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಹಾಗೆ ಹೊಲಿಸಿದ್ದು. ಸಹಾಯಕಿಯರು ವಾರ್ಡಿನಲ್ಲಿ ಪೆನ್ನು, ಕಾಗದ ಇಟ್ಟುಕೊಳ್ಳುವಂತಿಲ್ಲ. ಬಾಗಿಲ ಪಕ್ಕದ ಮೇಜಿನ ಹಿಂದಿರುವ ಒಂದೇ ಒಂದು ಕುರ್ಚಿಯಲ್ಲಿ ಕೂರುವಂತಿಲ್ಲ. ಹಾಸಿಗೆ ಬದಲಿಸಬೇಕು, ಬೆಡ್‌ಪ್ಯಾನ್ ತೊಳೆಯಬೇಕು, ಎದ್ದೇಳಲಾಗದವರನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ಒರೆಸಬೇಕು. ನಮ್ಮ ಕೆಲಸ ಇಷ್ಟೇ ಎಂದು ಕಾಗದದಲ್ಲಿದೆ.

ಕಾಗದದಲ್ಲಿ ಇಲ್ಲದ್ದು ಉಳಿದ ಕೆಲಸವೆಲ್ಲ. ಇಪ್ಪತ್ತೆರಡು ಬೆಡ್ಡಿಗೆ ಒಂದು ಪಾಳಿಯಲ್ಲಿ ಒಬ್ಬಳೇ ಬಿಳಿ ಕೋಟಿನವಳು. ಅವಳು ಎಷ್ಟೆಂದು ಓಡಾಡುತ್ತಾಳೆ? ಹಾಗಾಗಿ ಬಿಪಿ ನೋಡುವುದು ನಾವು. ಬರೆದು ಸಹಿ ಹಾಕುವುದು ಅವಳು. ನೋಡಿದ್ದನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಒಂಬತ್ತು ವರ್ಷದ ಹಿಂದೆ, ನಾನು ಸೇರಿದ ಮೊದಲ ವಾರ, ವಾರ್ಡಿನ ಉಸ್ತುವಾರಿ ನೋಡುವ ದೊಡ್ಡ ಸಿಸ್ಟರ್ ದಾರಿ ತೋರಿಸಿಕೊಟ್ಟಿದ್ದರು. ತೋಳು ಮಡಚಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಬರೆದುಕೊಳ್ಳಬೇಕು. ಬೆಡ್ ನಂಬರ್, ಮುಂದೆ ಬಿಪಿ. ಮೇಜಿನ ಹತ್ತಿರ ಬಂದು ಕೈ ಚಾಚಿ ನಿಂತರೆ ಸಿಸ್ಟರ್ ಚಾರ್ಟಿಗೆ ಇಳಿಸಿಕೊಳ್ಳುತ್ತಾರೆ. ಆಮೇಲೆ ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಆಯಿತು. ಕಾಗದ ಎಲ್ಲಾದರೂ ಸಿಕ್ಕಿಬೀಳುತ್ತದೆ, ಕೈ ತೊಳೆದರೆ ಏನೂ ಉಳಿಯುವುದಿಲ್ಲ. ನಾನು ಬಾಲ್‌ಪೆನ್ನಿನ ರೀಫಿಲ್ ಒಂದನ್ನು ತುರುಬಿನಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದೆ. ಸ್ಪಿರಿಟ್ ಹಚ್ಚಿ ಹಚ್ಚಿ ಎಡಗೈ ಚರ್ಮ ಬಿರುಕು ಬಿಟ್ಟಿದೆ. ಬಲಗೈಗಿಂತ ಹತ್ತು ವರ್ಷ ಮುದಿಯಾಗಿ ಕಾಣುತ್ತದೆ.

ವಾರಗಿತ್ತಿ ಬಂದ ಮೇಲೆ ದಿನವೂ ಅವಳ ಮುಂದೆ ಕೈ ಚಾಚಬೇಕಾಯಿತು. ಅವಳು ಕುರ್ಚಿಯಲ್ಲಿ, ನಾನು ನಿಂತು. ಮುಂದಿನದು ಅಕ್ಕ, ಸ್ವಲ್ಪ ತಿರುಗಿಸಿ ಅಕ್ಕ ಅನ್ನುವಳು. ಮುಗಿದ ಮೇಲೆ ತಾನೇ ಹತ್ತಿ ತೆಗೆದು ನನ್ನ ಕೈ ಒರೆಸುವಳು. ಬೇರೆ ಯಾರೂ ಒರೆಸುತ್ತಿರಲಿಲ್ಲ. ಅವಳ ಆ ಒಳ್ಳೆಯತನ ನನಗೆ ಸ್ಪಿರಿಟ್ಟಿಗಿಂತ ಹೆಚ್ಚು ಉರಿಯುತ್ತಿತ್ತು. ಕೆಟ್ಟವಳಾಗಿದ್ದರೆ ನೆಮ್ಮದಿಯಾಗಿ ಬೈದುಕೊಳ್ಳಬಹುದಿತ್ತು.

ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆವು. ಚಪ್ಪಲಿ ಬಿಡುವ ಮೊದಲೇ ನಮ್ಮ ಅತ್ತೆ ಅವಳಿಗೆ ಹೇಳುತ್ತಿದ್ದರು, ಹೋಗಿ ಮಲಕ್ಕೋಮ್ಮ, ದಣಿದಿದ್ದೀಯ. ನನ್ನ ಕಡೆ ತಿರುಗಿ, ಒಲೆ ಹಚ್ಚು ಅನ್ನುತ್ತಿದ್ದರು. ನಾನೇನು ಸಿನಿಮಾ ನೋಡಿಕೊಂಡು ಬಂದವಳೇ? ಪಾತ್ರೆ ತಿಕ್ಕುವಾಗ ಅವಳ ಪೆನ್ನಿನ ಮೇಲೆ ನನಗೆ ಹೊಟ್ಟೆಕಿಚ್ಚು. ಅವಳ ಜೇಬಿನ ಮೇಲೆ ಹೊಟ್ಟೆಕಿಚ್ಚು. ಅವಳ ಪಾದದ ಮೇಲೂ ಹೊಟ್ಟೆಕಿಚ್ಚು. ಕೂತು ಕೆಲಸ ಮಾಡುವವರ ಪಾದ ಸಂಜೆಗೂ ಚಪ್ಪಲಿಯೊಳಗೆ ಸಲೀಸಾಗಿ ಹೋಗುತ್ತದೆ.

ನಾನು ಫೇಲಾಗುವುದು ಎಲ್ಲಿ ಎಂದು ನನಗೆ ಚೆನ್ನಾಗಿ ಗೊತ್ತು. 'ನೀವು ಮೊದಲು ಏನು ಮಾಡುತ್ತೀರಿ?' ಎಂಬ ಪ್ರಶ್ನೆಗಳಲ್ಲಿ. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಅದರಲ್ಲೊಂದು 'ಹಿರಿಯ ನರ್ಸ್‌ಗೆ ತಿಳಿಸುವುದು'. ನನ್ನ ಪೆನ್ನು ತಾನಾಗಿ ಅಲ್ಲಿಗೆ ಹೋಗುತ್ತದೆ. ನೀನಾಗಿ ಏನೂ ಮಾಡಬೇಡ, ಬಂದು ಹೇಳು ಸಾಕು ಎಂದು ಒಂಬತ್ತು ವರ್ಷ ನನ್ನ ತಲೆಗೆ ತುಂಬಿದ್ದಾರೆ. ಪರೀಕ್ಷೆಗೆ ಬೇಕಾದ ಉತ್ತರ ಬೇರೆ: ಮೊದಲು ರೋಗಿಯನ್ನು ನೋಡು, ನೀನೇ ನಿರ್ಧರಿಸು. ನಿರ್ಧರಿಸಿದರೆ ವಾರ್ಡಿನಲ್ಲಿ ಬೈಗುಳ. ನಿರ್ಧರಿಸದಿದ್ದರೆ ಪರೀಕ್ಷೆಯಲ್ಲಿ ಸೊನ್ನೆ. ನನ್ನ ಕೈಯಲ್ಲಿ ಸಹಾಯಕಿ ಕೆಲಸ ಮಾಡಿಸಿ ಮಾಡಿಸಿ, ನರ್ಸ್ ಆಗದಂತೆ ನನ್ನನ್ನು ತಯಾರು ಮಾಡಿದ್ದರು.

ಐದನೇ ಸಲವೇ ಕಡೆಯದು. ಅದೂ ಹೋದರೆ ಮೂರು ವರ್ಷದ ಕೋರ್ಸನ್ನು ಮತ್ತೆ ಮೊದಲಿನಿಂದ ಮಾಡಬೇಕು. ನನಗೆ ಮೂವತ್ತಾರು.

ಪರೀಕ್ಷೆ ಮಧ್ಯಾಹ್ನ ಎರಡಕ್ಕೆ. ರಜೆ ಕೇಳಿದೆ. ಬೆಳಗಿನ ಡ್ಯೂಟಿ ಒಂದಕ್ಕೇ ಮುಗಿಯುತ್ತದಲ್ಲ, ಅಲ್ಲಿಂದಲೇ ಹೋಗು ಅಂದರು ದೊಡ್ಡ ಸಿಸ್ಟರ್. ವಾರಗಿತ್ತಿಯ ಪರೀಕ್ಷೆಗೆ ಅವಳು ಕೆಲಸದಲ್ಲಿದ್ದ ಕ್ಲಿನಿಕ್ಕಿನವರು ಮೂರು ದಿನ ರಜೆ ಕೊಟ್ಟಿದ್ದರು. ಮನೆಯಲ್ಲಿ ಅವಳ ಪಾಲಿನ ಕೆಲಸವನ್ನೂ ನಾನೇ ಮಾಡಿದ್ದೆ.

ಅವತ್ತು ಡ್ಯೂಟಿಯ ಕೊನೆಯ ಬಿಪಿ ಸುತ್ತಿನಲ್ಲಿ ಬೆಡ್ ಹದಿನೇಳರ ಹೊಲಿಗೆ ಅಜ್ಜಿ ನನ್ನನ್ನು ನೋಡಿ ನಕ್ಕಳು. ಅಜ್ಜಿ ಬಟ್ಟೆ ಅಂಗಡಿಗಳಿಗೆ ಗುಂಡಿ, ಕಾಜಾ ಹಾಕಿಕೊಡುವವಳು. ನನ್ನ ಕೋಟು ಕಂಡಾಗಲೆಲ್ಲ ಅವಳದು ಒಂದೇ ತಮಾಷೆ, ಎಂಥ ಟೈಲರಮ್ಮ ಇದನ್ನ ಹೊಲಿದದ್ದು, ಬಿಚ್ಚಿಕೊಡು, ಒಂದು ಜೇಬು ಇಟ್ಟುಕೊಡ್ತೀನಿ ಎಂದು. ಆ ದಿನ ನಗು ತೆಳ್ಳಗಿತ್ತು. ಬಿಪಿ ನೋಡಿದೆ. 88/50. ಇನ್ನೊಮ್ಮೆ ನೋಡಿದೆ, ಅಷ್ಟೇ. ದಿಂಬು ತೆಗೆದೆ, ಮಲಗಿಸಿದೆ, ಕಂಬಳಿ ಮಡಚಿ ಕಾಲ ಕೆಳಗೆ ಇಟ್ಟೆ. ಕೆಳಗೆ ಇಳೀಬೇಡಿ ಅಂದೆ. ಮೂರು ಗಂಟೆಗೆ ಅವಳಿಗೆ ಬಿಪಿ ಇಳಿಸುವ ಮಾತ್ರೆ ಇತ್ತು. ಅದನ್ನು ಕೊಡಬಾರದು. ಮೇಜಿನ ಹತ್ತಿರ ಹೋದಾಗ ಹೇಳಬೇಕು ಅಂದುಕೊಂಡು ಕೈ ಮೇಲೆ ಅಂಕಿ ಬರೆದುಕೊಂಡೆ.

ಮೇಜಿನ ಹತ್ತಿರ ಕೈ ಚಾಚಿ ನಿಂತೆ. ಹದಿನಾಲ್ಕರವರೆಗೆ ವಾರಗಿತ್ತಿ ಇಳಿಸಿಕೊಂಡಳು. ಅಷ್ಟರಲ್ಲಿ ಡಾಕ್ಟರು ಬಂದರು. ಚಾರ್ಟ್ ತಿರುವಿ ನೋಡಿ, ಈ ವಾರ್ಡಿನಷ್ಟು ಅಚ್ಚುಕಟ್ಟಾಗಿ ಯಾರೂ ಬಿಪಿ ನೋಡಲ್ಲ, ಭೇಷ್ ಸಿಸ್ಟರ್ ಅಂದರು. ನನ್ನ ಕೈ ಅವರ ಮೂಗಿನ ಮುಂದೆಯೇ ಇತ್ತು. ಅವಳು ನನ್ನ ಕಡೆ ನೋಡಲಿಲ್ಲ. ಥ್ಯಾಂಕ್ಸ್ ಸರ್ ಅಂದಳು. ಅವಳ ಕಿವಿ ಸಂತೋಷಕ್ಕೆ ಕೆಂಪಾಯಿತು.

ಡಾಕ್ಟರು ಹೋದರು. ನಾನು ಕೈ ಎಳೆದುಕೊಂಡೆ.

"ಅಕ್ಕ, ಇನ್ನೂ ಎಂಟಿದೆ."

"ಹೋಗಿ ನೀನೇ ನೋಡ್ಕೋ. ಅಚ್ಚುಕಟ್ಟಾಗಿ ನೋಡ್ತೀಯಂತಲ್ಲ."

ಅವಳು ಹತ್ತಿ ಹಿಡಿದು ಎರಡು ಹೆಜ್ಜೆ ಹಿಂದೆ ಬಂದಳು, ಒರೆಸ್ತೀನಿ ಬನ್ನಿ ಎಂದು. ನಾನು ನಿಲ್ಲಲಿಲ್ಲ. ಕೋಟು ಬಿಚ್ಚಿ, ಉದ್ದ ತೋಳಿನ ಅಂಗಿ ಹಾಕಿಕೊಂಡು ಬಸ್ಸಿಗೆ ಓಡಿದೆ. ದಾರಿಯುದ್ದಕ್ಕೂ ಅವಳ ಕೆಂಪು ಕಿವಿಯೇ ಕಣ್ಣ ಮುಂದೆ. ಪಾಠವೂ ನೆನಪಾಗಲಿಲ್ಲ, ಅಜ್ಜಿಯೂ ನೆನಪಾಗಲಿಲ್ಲ.

ಮೂವತ್ತೆಂಟನೇ ಪ್ರಶ್ನೆ ಹೀಗಿತ್ತು: ರೋಗಿಯ ಬಿಪಿ ಇದ್ದಕ್ಕಿದ್ದಂತೆ ಇಳಿದಿದೆ, ನೀವು ಮೊದಲು ಏನು ಮಾಡುತ್ತೀರಿ? ಅಭ್ಯಾಸಬಲದಿಂದ ಪೆನ್ನು 'ಹಿರಿಯ ನರ್ಸ್‌ಗೆ ತಿಳಿಸುವುದು' ಎಂಬಲ್ಲಿಗೆ ಹೋಯಿತು. ಅಲ್ಲೇ ನಿಂತಿತು. ತಿಳಿಸುವುದು. ಒಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪದೆ ತಿಳಿಸಿದವಳು, ಇವತ್ತು ನಾನು ತಿಳಿಸಿಲ್ಲ.

ನಿಜವಾಗಿಯೂ ಅಷ್ಟು ಕಡಿಮೆ ಇತ್ತೇ, ಬೇರೆ ಬೆಡ್ಡಿನದೇ ಎಂದು ತೋಳು ಸರಿಸಿ ನೋಡಿದೆ. 17, ಮುಂದೆ 88/50.

ಕೊಠಡಿಯ ಮೇಲ್ವಿಚಾರಕ ನನ್ನ ಮಣಿಕಟ್ಟು ಹಿಡಿದು ಎಬ್ಬಿಸಿದ. ಎಲ್ಲರೂ ತಿರುಗಿ ನೋಡಿದರು. ತೋಳನ್ನು ಮೊಣಕೈ ಮೇಲಕ್ಕೆ ಸರಿಸಿದ. ಇಪ್ಪತ್ತೆರಡು ಸಾಲು ಅಂಕಿಗಳು. ಪ್ರಶ್ನೆ ನಂಬರು, ಉತ್ತರ, ಒಳ್ಳೇ ಏರ್ಪಾಡು ಅಂದ. ಇದು ಬಿಪಿ ಸಾರ್, ಪೇಷಂಟುಗಳ ಬಿಪಿ ಅಂದೆ. ಒಂದು ಫೋನ್ ಮಾಡಬೇಕು, ಮೂರು ಗಂಟೆಗೆ ಒಬ್ಬರಿಗೆ ಮಾತ್ರೆ ಕೊಟ್ಟುಬಿಡ್ತಾರೆ ಅಂದೆ. ಫೋನಂತೆ ಎಂದು ನಕ್ಕ. ಉತ್ತರ ಪತ್ರಿಕೆ ಕಿತ್ತುಕೊಂಡ. ಕೈಯ ಫೋಟೋ ತೆಗೆದ. ಪರೀಕ್ಷೆ ಮುಗಿಯುವವರೆಗೂ ಪಕ್ಕದ ಕೋಣೆಯಲ್ಲಿ ಕೂಡಿಹಾಕಿದರು. ಬಾಗಿಲು ಬಡಿದೆ. ಆಸ್ಪತ್ರೆಯ ನಂಬರು ಕೂಗಿ ಹೇಳಿದೆ. ಯಾರಾದರೂ ಮಾಡಿ, ನಾನೇ ಮಾಡಬೇಕು ಅಂತಿಲ್ಲ ಎಂದು ಬೇಡಿಕೊಂಡೆ. ಗೋಡೆ ಗಡಿಯಾರದಲ್ಲಿ ಮೂರಾಯಿತು. ಮೂರೂವರೆಯಾಯಿತು. ಐದಕ್ಕೆ ಬಾಗಿಲು ತೆಗೆದರು.

ಅಜ್ಜಿ ನಾಲ್ಕಕ್ಕೆ ಬಿದ್ದಿದ್ದಳು. ಉಳಿದ ಎಂಟು ಬೆಡ್ಡಿನ ಬಿಪಿಯನ್ನು ವಾರಗಿತ್ತಿ ನೋಡಿಯೇ ಇರಲಿಲ್ಲ, ಹಿಂದಿನ ದಿನದ್ದನ್ನು ನೋಡಿಕೊಂಡು ಅಂದಾಜಿಗೆ ಬರೆದುಬಿಟ್ಟಿದ್ದಳು. ಹದಿನೇಳಕ್ಕೆ 120/80. ಮೂರಕ್ಕೆ ಮಾತ್ರೆ ಕೊಟ್ಟರು. ಅಜ್ಜಿ ಬಚ್ಚಲಿಗೆಂದು ಎದ್ದು ತಲೆ ತಿರುಗಿ ಬಿದ್ದಳು. ಬಲ ಮಣಿಕಟ್ಟು ಮುರಿಯಿತು. ಸೂಜಿ ಹಿಡಿಯುವ ಕೈ. ಮರುದಿನ ನೋಡಿದರೆ ಚಾರ್ಟಿನಲ್ಲಿ ಬರೆದಿತ್ತು, ರೋಗಿಯ ಅಜಾಗರೂಕತೆಯಿಂದ ಬಿದ್ದದ್ದು.

ಅಜ್ಜಿ ಪ್ಲಾಸ್ಟರ್ ಎತ್ತಿ ತೋರಿಸಿದಳು. "ನಿನ್ನ ಜೇಬು ತಡ ಆಗುತ್ತೆ ಕಣಮ್ಮ. ನೀನು ಇಳೀಬೇಡ ಅಂದಿದ್ದೆ, ನಾನೇ ಕೇಳಲಿಲ್ಲ."

ಅವಳಿಗೆ ಮುಖ ತೋರಿಸಲಾಗದೆ ಬೆಡ್‌ಪ್ಯಾನ್ ಎತ್ತಿಕೊಂಡು ಹೊರಗೆ ಹೋದೆ.

ಮೂರನೇ ದಿನ ದೊಡ್ಡ ಸಿಸ್ಟರ್ ನನ್ನನ್ನು ಸಾಮಾನಿನ ಕೋಣೆಗೆ ಕರೆದು ಬಾಗಿಲು ಹಾಕಿದರು. ಪರೀಕ್ಷಾ ಮಂಡಳಿಯ ವಿಚಾರಣೆ ಸೋಮವಾರ. ಕಾಪಿ ಹೊಡೆದೆ ಎಂದು ಒಪ್ಪಿಕೊಂಡು ಬರೆದುಕೊಡಬೇಕಂತೆ. ಎರಡು ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲ, ಅಷ್ಟೇ, ಆಮೇಲೆ ಐದನೇ ಸಲದ್ದನ್ನು ಮತ್ತೆ ಬರೆಯಬಹುದು, ಕೆಲಸ ಉಳಿಯುತ್ತದೆ. ಬಿಪಿ ನಾನು ನೋಡಿದೆ ಅಂದರೆ ಲೈಸೆನ್ಸ್ ಇಲ್ಲದೆ ನರ್ಸ್ ಕೆಲಸ ಮಾಡಿದ ಅಪರಾಧವಾಗುತ್ತದೆ, ಜನ್ಮದಲ್ಲಿ ಪರೀಕ್ಷೆ ಇಲ್ಲ.

"ನೀವೇ ಅಲ್ವಾ ಮೇಡಂ ಕೈ ಮೇಲೆ ಬರಿ ಅಂತ ಕಲಿಸಿದ್ದು?"

"ನಾನು ಯಾವಾಗ ಕಲಿಸಿದೆ? ಎಲ್ಲಿ ಬರೆದಿದೆ, ತೋರಿಸು," ಅಂದರು. ದನಿ ಏರಿಸಲಿಲ್ಲ. ಹೋಗುವಾಗ ಒಂದು ಮಾತು ಸೇರಿಸಿದರು, ನಿನ್ನ ವಾರಗಿತ್ತಿಯ ಲೈಸೆನ್ಸೂ ಹೋಗುತ್ತೆ, ಯೋಚನೆ ಮಾಡು ಎಂದು.

ಯೋಚನೆ ಮಾಡಿದೆ. ಮಾಡಿ ಸುಖಪಟ್ಟೆ. ಅದನ್ನೂ ಹೇಳಿಬಿಡುತ್ತೇನೆ. ಅವಳ ಬಿಳಿ ಕೋಟು, ಪೆನ್ನು, ಕುರ್ಚಿ ಎಲ್ಲ ನನ್ನ ಒಂದು ಮಾತಿನ ಮೇಲೆ ನಿಂತಿದ್ದವು. ನಾಲ್ಕು ದಿನ ಆ ಸುಖವನ್ನು ಬಾಯಲ್ಲಿಟ್ಟುಕೊಂಡು ಚೀಪಿದೆ. ಮನೆಯಲ್ಲಿ ಅತ್ತೆ ನನ್ನ ಹತ್ತಿರ ಮೊದಲ ಸಲ ಮೆತ್ತಗೆ ಮಾತಾಡಿದರು. ಮೇಲೆ ಹೋದವಳನ್ನ ಕಾಲು ಹಿಡಿದು ಎಳೀಬೇಡ ಅಂದರು. ನಾಲ್ಕು ಸಲ ಆಗದ್ದು ಐದನೇ ಸಲ ಆಗುತ್ತಿತ್ತು ಅಂತ ಏನು ಗ್ಯಾರಂಟಿ, ಬರೆದುಕೊಟ್ಟುಬಿಡು ಅಂದ ಗಂಡ. ವಾರಗಿತ್ತಿ ನಾನು ಎದ್ದೇಳುವ ಮೊದಲೇ ಎದ್ದು ಪಾತ್ರೆ ತೊಳೆದಿಟ್ಟಿರುತ್ತಿದ್ದಳು. ಸರಿಯಾಗಿ ತಿಕ್ಕಲು ಬರುತ್ತಿರಲಿಲ್ಲ, ಜಿಡ್ಡು ಹಾಗೇ ಇರುತ್ತಿತ್ತು.

ಭಾನುವಾರ ಸಂಜೆ ಕೇಳಿಯೇಬಿಟ್ಟಳು. "ಅಕ್ಕ, ನಾಳೆ ಏನು ಹೇಳ್ತೀರಿ?"

ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಅವಳನ್ನು ಮುಳುಗಿಸುವ ಆಸೆ ಇತ್ತು. ಕೆಲಸ ಹೋಗುವ ಭಯವೂ ಇತ್ತು. ಕಾಪಿ ಹೊಡೆದೆ ಎಂದು ಬರೆದುಕೊಡುವ ಕಾಗದ ಮಡಚಿ ಚೀಲದಲ್ಲಿತ್ತು. ದೊಡ್ಡ ಸಿಸ್ಟರ್ ತಾವೇ ಬರೆಸಿಕೊಟ್ಟಿದ್ದರು, ನನ್ನ ಸಹಿಯೊಂದು ಬಾಕಿ. ಒಂಬತ್ತು ವರ್ಷದಲ್ಲಿ ನನ್ನ ಸಹಿ ಬೇಕು ಎಂದು ಅವರು ಕೇಳಿದ ಮೊದಲನೇ ಕಾಗದ ಅದು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು. ಆ ಕಡೆ ಮೂವರು. ಈ ಕಡೆ ಎರಡು ಖಾಲಿ ಕುರ್ಚಿ. ನನಗೆ ಕೂತುಕೋ ಅನ್ನಲಿಲ್ಲ. ಅಧ್ಯಕ್ಷರು ಫೋಟೋ ನನ್ನ ಕಡೆ ತಳ್ಳಿದರು. ನನ್ನ ಕೈಯನ್ನು ನಾನೇ ಅಷ್ಟು ದೊಡ್ಡದಾಗಿ ಎಂದೂ ನೋಡಿರಲಿಲ್ಲ. ಮೂಲೆಯಲ್ಲಿ ತಾರೀಖು, ಸಮಯ, ಎರಡು ಇಪ್ಪತ್ತೈದು. ಕೆಳಗಿನಿಂದ ಆರನೇ ಸಾಲು, 17, 88/50. ಜಗತ್ತಿನಲ್ಲಿ ಆ ಅಂಕಿ ಉಳಿದಿದ್ದದ್ದು ಅದೊಂದೇ ಕಡೆ. ಇದು ಕಾಪಿ ಎಂದು ನಾನು ಸಹಿ ಹಾಕಿದರೆ ಚಾರ್ಟಿನ 120/80 ನಿಜವಾಗುತ್ತದೆ. ಅಜ್ಜಿ ತನ್ನ ಅಜಾಗರೂಕತೆಯಿಂದಲೇ ಬಿದ್ದವಳಾಗುತ್ತಾಳೆ.

"ಒಪ್ಪಿಗೆ ಪತ್ರ ತಂದಿದ್ದೀಯಾ?"

"ತಂದಿದ್ದೀನಿ. ಸಹಿ ಹಾಕಲ್ಲ," ಅಂದೆ. ಫೋಟೋ ಮೇಲೆ ಬೆರಳಿಟ್ಟೆ. "ಇದು ಕಾಪಿ ಅಲ್ಲ. ಇಪ್ಪತ್ತೆರಡು ಜನರ ಬಿಪಿ. ನಾನು ನೋಡಿದ್ದು."

ಒಬ್ಬೊಬ್ಬರನ್ನೂ ಹೇಳಿದೆ. ಒಂದು, ಕಾಲು ಕೊಳೆತ ಡ್ರೈವರು. ನಾಲ್ಕು, ನೋವಿದ್ದರೂ ಹಾಡು ಗುನುಗುವ ಮೇಷ್ಟ್ರು. ಇಪ್ಪತ್ತೆರಡು ಮುಗಿಯುವವರೆಗೆ ನಿಲ್ಲಿಸಲಿಲ್ಲ. ಹದಿನೇಳಕ್ಕೆ ಬಂದಾಗ ನನ್ನ ತಪ್ಪನ್ನೂ ಹೇಳಿದೆ. ಹೊಟ್ಟೆಕಿಚ್ಚಿನಿಂದ ಕೈ ಎಳೆದುಕೊಂಡೆ, ಹೇಳಬೇಕಾದ್ದನ್ನು ಹೇಳದೆ ಬಂದೆ. ನೆನಪಾದ ಮೇಲೆ ಬಾಗಿಲು ಬಡಿದೆ, ನಿಮ್ಮವರು ತೆಗೆಯಲಿಲ್ಲ.

ಲೈಸೆನ್ಸ್ ಇಲ್ಲದೆ ಇದನ್ನೆಲ್ಲ ಮಾಡುವುದು ಅಪರಾಧ, ಗೊತ್ತಾ ಎಂದು ಅಧ್ಯಕ್ಷರು ಕೇಳಿದರು.

"ಗೊತ್ತು. ಒಂಬತ್ತು ವರ್ಷದಿಂದ ಗೊತ್ತು. ಮಾಡಿಸಿದವರಿಗೂ ಗೊತ್ತು. ಇಲ್ಲಿ ನನ್ನೊಬ್ಬಳನ್ನೇ ಯಾಕೆ ನಿಲ್ಲಿಸಿದ್ದೀರಿ?"

ಚಾರ್ಟಿನ ಜೊತೆ ದೊಡ್ಡ ಸಿಸ್ಟರನ್ನೂ ವಾರಗಿತ್ತಿಯನ್ನೂ ಕರೆಸಿದರು. ಕೂತುಕೊಳ್ಳಿ ಅಂದರು ಇಬ್ಬರಿಗೂ. ಚಾರ್ಟನ್ನು ಫೋಟೋ ಪಕ್ಕ ಇಟ್ಟು ನೋಡಿದರು. ಹದಿನಾಲ್ಕರವರೆಗೆ ಒಂದೇ. ಅಲ್ಲಿಂದ ಮುಂದೆ ಒಂದೂ ಹೊಂದುವುದಿಲ್ಲ. ದೊಡ್ಡ ಸಿಸ್ಟರ್ ಕೂಡಲೇ ಅಂದರು, ನೋಡಿ ಸಾರ್, ಇವಳು ಹೇಳುತ್ತಿರುವುದು ಸುಳ್ಳು. ಇದು ನಿಮ್ಮ ಬರಹವೇ, ನೀವೇ ನೋಡಿದ್ದಾ ಎಂದು ಅಧ್ಯಕ್ಷರು ವಾರಗಿತ್ತಿಯನ್ನು ಕೇಳಿದರು.

ಹೂಂ ಅನ್ನಲಿ ಎಂದು ಕಾದೆ. ಅಂದರೆ ಜನ್ಮವಿಡೀ ಅವಳನ್ನು ದ್ವೇಷಿಸಬಹುದಿತ್ತು. ಯಾವ ಅಳುಕೂ ಇಲ್ಲದೆ.

ಅವಳು ಕುರ್ಚಿಯಿಂದ ಎದ್ದು ನಿಂತಳು. "ಹದಿನಾಲ್ಕರವರೆಗೆ ಅಕ್ಕನ ಕೈ ನೋಡಿ ಬರೆದದ್ದು. ಅಲ್ಲಿಂದ ಮುಂದೆ ನಾನು ಸುಮ್ಮನೆ ಬರೆದೆ. ಯಾರ ಬಿಪಿಯನ್ನೂ ನಾನು ನೋಡಿಲ್ಲ. ಈ ವಾರ್ಡಿಗೆ ಬಂದ ಮೇಲೆ ಒಂದು ದಿನವೂ ನೋಡಿಲ್ಲ."

ನಾನು ಅಷ್ಟು ಹೊತ್ತು ಮಾತಾಡಿದಾಗ ತಲೆ ಎತ್ತದಿದ್ದ ಮೂವರೂ ಅವಳ ನಾಲ್ಕು ಮಾತಿಗೆ ತಲೆ ಎತ್ತಿದರು, ಬರೆದುಕೊಂಡರು. ಬಿಳಿ ಕೋಟಿನ ಬಾಯಿಂದ ಬಂದರೆ ನಿಜಕ್ಕೂ ಬೆಲೆ ಹೆಚ್ಚು. ಅದಕ್ಕೂ ನನ್ನ ಹೊಟ್ಟೆ ಉರಿಯಿತು.

ಹದಿನೈದು ದಿನಕ್ಕೆ ತೀರ್ಪು ಬಂತು. ನನ್ನ ಐದನೇ ಪರೀಕ್ಷೆ ರದ್ದು. ಇನ್ನು ಮುಂದೆ ಬರೆಯುವಂತಿಲ್ಲ. ವಾರಗಿತ್ತಿಯ ಲೈಸೆನ್ಸ್ ಆರು ತಿಂಗಳು ಅಮಾನತು, ಅಲ್ಲಿಯವರೆಗೆ ಬೂದು ಕೋಟು. ದೊಡ್ಡ ಸಿಸ್ಟರಿಗೆ ಒಂದು ಸಾಲಿನ ಎಚ್ಚರಿಕೆ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಮಾಡುವವರು ಯಾರು? ಅಜ್ಜಿಯ ಚಾರ್ಟಿನಲ್ಲಿ ಅಜಾಗರೂಕತೆ ಎಂಬ ಸಾಲನ್ನು ಹೊಡೆದು ಹಾಕಿದ್ದರು. ಅಷ್ಟು ಆಯಿತು. ಮೂರು ದಿನ ಬಿಟ್ಟು ಗೋಡೆಗೆ ಒಂದು ಸುತ್ತೋಲೆ ಅಂಟಿಸಿದರು: ಸಹಾಯಕಿಯರು ಮೈಮೇಲೆ ಬರೆದುಕೊಳ್ಳತಕ್ಕದ್ದಲ್ಲ.

ಸುತ್ತೋಲೆ ಅಂಟಿಸಿದ ಬೆಳಗ್ಗೆಯೇ ದೊಡ್ಡ ಸಿಸ್ಟರ್ ಕುರ್ಚಿಯಿಂದ ಎದ್ದು ಬಿಪಿ ಮಿಷನ್ ನನ್ನ ಕಡೆ ಚಾಚಿದರು. ಬೇರೆ ಸಿಸ್ಟರ್ ಇನ್ನೂ ಬಂದಿರಲಿಲ್ಲ.

"ಬೇಗ ನೋಡ್ಕೊಂಡು ಬಾ. ಬರ್ಕೋಬೇಡ. ನಾಲ್ಕು ನಾಲ್ಕು ಬೆಡ್ ನೋಡಿ ಬಂದು ಬಾಯಲ್ಲಿ ಹೇಳು."

"ನಾನು ನೋಡಲ್ಲ."

"ಏನಂದೆ?"

"ನಾನು ನೋಡಲ್ಲ ಮೇಡಂ. ಲೈಸೆನ್ಸ್ ಇದ್ದವರು ನೋಡಲಿ. ನೋಡಿದವರೇ ಬರೀಲಿ."

ಅವರು ಮಿಷನ್ನನ್ನು ವಾರಗಿತ್ತಿಯ ಕಡೆ ತಿರುಗಿಸಿದರು. ಅವಳು ನನ್ನ ಪಕ್ಕದಲ್ಲಿ ಹೊಸ ಬೂದು ಕೋಟಿನಲ್ಲಿ ನಿಂತಿದ್ದಳು. ಇಲ್ಲದ ಜೇಬನ್ನು ಕೈ ಆಗಾಗ ತಡವುತ್ತಿತ್ತು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ವಾರ್ಡು ಪೂರ್ತಿ ನೋಡುತ್ತಿತ್ತು. ಡ್ರೈವರು ದಿಂಬಿಗೆ ಒರಗಿ ಎದ್ದು ಕೂತ. ದೊಡ್ಡ ಸಿಸ್ಟರ್ ಮಿಷನ್ ಎತ್ತಿಕೊಂಡು ತಾವೇ ಹೊರಟರು. ಎಷ್ಟೋ ವರ್ಷದಿಂದ ಮುಟ್ಟಿರಲಿಲ್ಲ. ಪಟ್ಟಿಯನ್ನು ಉಲ್ಟಾ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಒಂದು, ಎರಡು, ಮೂರು. ಪ್ರತಿ ಬೆಡ್ಡಿಗೂ ಬಗ್ಗಿ ಎದ್ದಾಗ ಸೊಂಟಕ್ಕೆ ಕೈ ಇಟ್ಟುಕೊಳ್ಳುತ್ತಿದ್ದರು. ಹದಿನೇಳಕ್ಕೆ ಬಂದಾಗ ಹೊಲಿಗೆ ಅಜ್ಜಿ ಒಳ್ಳೆಯ ಕೈ ಚಾಚಿ, ನಿಧಾನ ಸಿಸ್ಟರ್, ಹೊಸಬರಾ ಎಂದು ಕೇಳಿದಳು.

ಕುರ್ಚಿ ಖಾಲಿ ಇತ್ತು. ಹೋಗಿ ಕೂತೆ. ಒಂಬತ್ತು ವರ್ಷದಲ್ಲಿ ಮೊದಲ ಸಲ. ಒಂದು ಕಾಲು ಗಿಡ್ಡ, ಅಲ್ಲಾಡುತ್ತಿತ್ತು. ಇದಕ್ಕಾ ಇಷ್ಟು ಹೊಟ್ಟೆ ಉರಿಸಿಕೊಂಡೆ ಅನ್ನಿಸಿತು. ಆದರೂ ಏಳಲಿಲ್ಲ.

ವಾರಗಿತ್ತಿ ಮೇಜಿನ ಪಕ್ಕ ಬಂದು ನಿಂತಳು. ಮೂರು ದಿನದ ಓಡಾಟಕ್ಕೆ ಅವಳ ಪಾದ ಊದಿಕೊಂಡಿತ್ತು, ಚಪ್ಪಲಿಯ ಪಟ್ಟಿ ಒತ್ತಿ ಕೆಂಪು ಗೆರೆ ಬಿದ್ದಿತ್ತು. ನಾನು ಸರಿದು ಕೂತರೆ ಅವಳಿಗೂ ಅರ್ಧ ಜಾಗ ಆಗುತ್ತಿತ್ತು. ಸರಿಯುವವಳೇ ಇದ್ದೆ, ಆದರೂ ಇನ್ನೊಂದು ಐದು ನಿಮಿಷ ನಿಲ್ಲಲಿ ಅಂದುಕೊಂಡೆ.